ಥಾರ್ ಇದ್ರೂ ಹಾದಿ ಬೇಕು



ಮಳೆ ಶುರುವಾಯ್ತು ಅಂದ್ರೆ ಹಿಂಜವಡಿ, ಖರಾಡಿ ಕಡೆಯ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ: ಶನಿವಾರ ಯಾವ ಕಡೆ? ಒಬ್ಬರು ಹೊಸ ಥಾರ್ ತಗೊಂಡಿರ್ತಾರೆ, ಇನ್ನೊಬ್ಬರು ಜಿಮ್ನಿ. ಸಹ್ಯಾದ್ರಿ ಪಕ್ಕದಲ್ಲೇ ಇದೆ. ಹೋಗಿ, ಖಂಡಿತ ಹೋಗಿ. ವಾರವಿಡೀ ಕಾಲ್‌ಗಳಲ್ಲಿ ಕೂತವರಿಗೆ ಅದು ಬೇಕು. ಆದ್ರೆ ಆಫ್‌ರೋಡ್ ಅಂದ್ರೆ ಟಾರು ಬಿಟ್ಟು ಹೋಗೋದು, ಹಾದಿ ಬಿಟ್ಟು ಹೋಗೋದಲ್ಲ.

ಸಾತಾರಾ ಹತ್ತಿರದ ಕಾಸ್ ಪಠಾರವನ್ನೇ ನೋಡಿ. 2012ರಲ್ಲಿ ಪಶ್ಚಿಮ ಘಟ್ಟದ ಭಾಗವಾಗಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ. ನಮ್ಮ ಕರಾವಳಿಯ ಪಾರೆಗಳ ಹಾಗೆ ಅಲ್ಲೂ ಕೆಳಗೆ ಮುರಕಲ್ಲು, ಮೇಲೆ ತೆಳು ಮಣ್ಣು. ಆ ಮಣ್ಣಲ್ಲೇ ಮಳೆಗಾಲದ ಹೂಗಳು, ಹುಳ ತಿನ್ನೋ ಪುಟ್ಟ ಗಿಡಗಳು. ಅಂಥ ನೆಲದ ಮೇಲೆ ಗಾಡಿ ಹೋದ್ರೆ ಮಣ್ಣು ಅದುಮಿ ಗಟ್ಟಿಯಾಗುತ್ತೆ, ನೀರು ಇಂಗಲ್ಲ, ಚಕ್ರದ ಗುರುತಲ್ಲೇ ಹರಿದು ಮಣ್ಣನ್ನ ಕೊಚ್ಚಿಕೊಂಡು ಹೋಗುತ್ತೆ. ಮುಂದಿನ ವಾರ ಬಂದವರು ಆ ಕೊರಕಲು ತಪ್ಪಿಸೋಕೆ ಪಕ್ಕದ ಹುಲ್ಲಿನ ಮೇಲೆ ಹೋಗ್ತಾರೆ. ಹೀಗೇ ಒಂದು ಎತ್ತಿನಗಾಡಿ ಹಾದಿ ನಾಲ್ಕು ಗಾಡಿ ಅಗಲ ಆಗುತ್ತೆ. ಅದು ಯಾರದೋ ದನ ಮೇಯೋ ಜಾಗ, ಸ್ವಾಮಿ.

ಕೊಯ್ನಾ ಥರದ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಹೋದ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಗೂಗಲ್ ಮ್ಯಾಪ್ ದಾರಿ ತೋರಿಸ್ತು ಅಂದ್ರೆ ಅರಣ್ಯ ಇಲಾಖೆ ಒಪ್ಕೊಳ್ಳಲ್ಲ.

ಇನ್ನು ನೀರು. 2023ರ ಡಿಸೆಂಬರಲ್ಲಿ ಲಾಹೌಲಿನ ಚಂದ್ರಾ ನದಿಯೊಳಗೆ ಒಂದು ಥಾರ್ ಓಡಿಸಿದ ವಿಡಿಯೊ ನೀವೂ ನೋಡಿರ್ತೀರಿ. ಪೊಲೀಸರು ದಂಡ ಹಾಕಿದ್ರು. ಅದು ಚಳಿಗಾಲ, ನೀರು ಕಡಿಮೆ. ಮಳೆಗಾಲದ ಸಹ್ಯಾದ್ರಿ ಹಳ್ಳ ಬೇರೆ ಲೆಕ್ಕ. ಥಾರಿಗೆ 650 ಮಿಲಿಮೀಟರ್ ನೀರು ದಾಟೋ ಸಾಮರ್ಥ್ಯ ಅಂತ ಕಂಪನಿ ಹೇಳುತ್ತೆ, ಸರಿ. ಆದ್ರೆ ರಭಸವಾಗಿ ಹರಿಯೋ ನೀರು 30 ಸೆಂಟಿಮೀಟರ್ ಇದ್ರೂ ಸಣ್ಣ ಕಾರನ್ನ ಎತ್ಕೊಂಡು ಹೋಗಬಲ್ಲದು, 60 ಇದ್ರೆ ದೊಡ್ಡ ಗಾಡಿಗೂ ಗ್ಯಾರಂಟಿ ಇಲ್ಲ. ತಳ ಕಾಣದ, ರಭಸದ, ಕೆಂಪು ನೀರಾದ್ರೆ ವಾಪಸ್ ತಿರುಗಿಸಿ. ಮಧ್ಯದಲ್ಲಿ ಇಂಜಿನ್ ಆಫ್ ಆದ್ರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರ್ ಒಳಗೆ ನೀರು ಹೊಕ್ಕಿದ್ರೆ ಕನೆಕ್ಟಿಂಗ್ ರಾಡ್ ಬಗ್ಗಿ ಹೋಗುತ್ತೆ.

ಏರು ಹತ್ತುವಾಗ ಗಾಡಿ ಅರ್ಧಕ್ಕೆ ನಿಂತ್ರೆ ಅಲ್ಲೇ ಅಡ್ಡ ತಿರುಗಿಸೋಕೆ ಹೋಗ್ತಾರೆ. ಗಾಡಿ ಮಗುಚೋದೇ ಹಾಗೆ. ಬ್ರೇಕ್ ಹಿಡಿದು, ರಿವರ್ಸ್ ಗೇರ್ ಹಾಕಿ, ಬಂದ ದಾರಿಯಲ್ಲೇ ನೇರ ಹಿಂದಕ್ಕೆ ಇಳೀರಿ. ಇಳಿಜಾರಲ್ಲಿ 4ಎಲ್, ಫಸ್ಟ್ ಗೇರ್, ಕ್ಲಚ್ ಮೇಲಿಂದ ಕಾಲು ತೆಗೀರಿ. ಇಂಜಿನ್ನೇ ಹಿಡ್ಕೊಳ್ಳುತ್ತೆ. ಮತ್ತೆ ಎಲ್ಲರಿಗೂ ಸೀಟ್ ಬೆಲ್ಟ್. ನಿಧಾನವಾಗೇ ಹೋಗ್ತಿದೀವಲ್ಲ ಅಂತೀರಿ, ಗಾಡಿ ಮಗುಚೋಕೆ ವೇಗ ಬೇಕಿಲ್ಲ.

ನಾನು ಜಾಸ್ತಿ ಹೆದರೋದು ಸಿಕ್ಕಿಕೊಂಡ ಗಾಡಿ ಎಳೆಯೋ ಹೊತ್ತಿಗೆ. ಟ್ರೇಲರ್ ಕಟ್ಟೋ ಆ ಗುಂಡು ಇರುತ್ತಲ್ಲ, ಅದಕ್ಕೆ ಹಗ್ಗ ಸಿಕ್ಕಿಸಿ ಜಗ್ಗಬೇಡಿ. ಅದು ಮುರಿದ್ರೆ ಗುಂಡಿನ ಹಾಗೇ ಹಾರುತ್ತೆ. ಚಾಸಿಗೆ ಕೂತಿರೋ ಹುಕ್‌ಗೇ ಕಟ್ಟಿ, ಹಗ್ಗದ ಮೇಲೆ ಭಾರದ ಕಂಬಳಿ ಹೊದಿಸಿ. ನೋಡೋರು ಹಗ್ಗದ ಉದ್ದಕ್ಕಿಂತ ದೂರ ನಿಲ್ಲಲಿ, ಮೊಬೈಲ್ ಹಿಡ್ಕೊಂಡು ಮುಂದೆ ಬರೋರನ್ನ ಮುಲಾಜಿಲ್ಲದೆ ಬೈದು ಹಿಂದಕ್ಕೆ ಕಳಿಸಿ. ಇದಕ್ಕೇ ಒಂಟಿ ಗಾಡಿಯಲ್ಲಿ ಹೋಗಬೇಡಿ ಅನ್ನೋದು: ಕನಿಷ್ಠ ಎರಡು ಇರಲಿ. ಯಾವ ಹಾದಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೇಲಿ ಬರೆದಿಡಿ. ಕಣಿವೆಯಲ್ಲಿ ಸಿಗ್ನಲ್ ಸಿಗಲ್ಲ.

ಕೆಸರಿಗೆ ಅಂತ ಟೈರಿನ ಗಾಳಿ 20 ಪಿಎಸ್‌ಐ ಆಸುಪಾಸಿಗೆ ಇಳಿಸಿರ್ತೀರಿ. ಹೈವೇ ಹತ್ತೋ ಮುಂಚೆ ಮತ್ತೆ ತುಂಬಿಸಿ, ಇಲ್ಲಾಂದ್ರೆ ವೇಗದಲ್ಲಿ ಟೈರ್ ಕಾದು ಒಡೆಯುತ್ತೆ. ಸಣ್ಣ ಕಂಪ್ರೆಸರ್ ಡಿಕ್ಕಿಯಲ್ಲೇ ಇರಲಿ. ತುಂಬೋಷ್ಟರಲ್ಲಿ ಚಕ್ರದ ಕೆಸರನ್ನೂ ಕೆರೆದು ತೆಗೀರಿ. ಅದು ರಸ್ತೆಗೆ ಬಿದ್ರೆ ಹಿಂದೆ ಬರೋ ಬೈಕಿನವರು ಜಾರ್ತಾರೆ.