ಅಢಾವೆ ಪತ್ರಿಕೆಯನ್ನು ನಾವೂ ಓದೋಣ

(ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಂಪನಿಯ ಲೆಕ್ಕಪತ್ರ ಸಾಹುಕಾರರ ಓದು, ನಮಗೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. 2015ರ ಆಗಸ್ಟಿನಿಂದ ಕಾರ್ಮಿಕರ ಭವಿಷ್ಯನಿಧಿಗೆ ಸೇರುವ ಹೊಸ ಹಣದ ಒಂದು ಪಾಲು ಷೇರುಪೇಟೆಗೆ ಹೋಗುತ್ತಿದೆ. ನಿಮ್ಮ ಬೆವರಿನ ಹಣ ಎಲ್ಲಿಗೆ ಹೋಯಿತೋ ಅಲ್ಲಿಯ ಲೆಕ್ಕ ಕೇಳುವ ಹಕ್ಕೂ ನಿಮ್ಮದೇ.

ಕೆಲಸ ಕಷ್ಟದ್ದಲ್ಲ. ಕಿರಾಣಿ ಅಂಗಡಿಯವರು ದಿನವೂ ಕಿರ್ದಿ ಬರೆಯುತ್ತೀರಿ. ಸಾವಿರ ರೂಪಾಯಿಯ ಅಕ್ಕಿಯನ್ನು ಉದ್ರಿ ಕೊಟ್ಟರೆ ಮಾರಾಟವಾಯಿತೆಂದು ಬರೆಯಬಹುದು, ಲಾಭ ಬಂತೆಂದೂ ಬರೆಯಬಹುದು. ಗಲ್ಲಾಪೆಟ್ಟಿಗೆಯಲ್ಲಿ ಮಾತ್ರ ಕಾಸಿಲ್ಲ. ಕಂಪನಿಯದೂ ಇಷ್ಟೇ. ಅದು ಮೂರು ಪಟ್ಟಿ ಕೊಡುತ್ತದೆ: ವರ್ಷದ ಲಾಭ-ನಷ್ಟ, ಆಸ್ತಿ-ಸಾಲ ತೋರಿಸುವ ಅಢಾವೆ ಪತ್ರಿಕೆ, ನಗದು ಬಂದುಹೋದ ಲೆಕ್ಕ. ಮೂರನ್ನೂ ಒಟ್ಟಿಗಿಟ್ಟು ನೋಡಬೇಕು. ಲಾಭ ಏರುತ್ತಿದ್ದು ನಗದು ಏರದಿದ್ದರೆ, ಬಾಕಿಯೇ ಬೆಳೆಯುತ್ತಿದ್ದರೆ, ಅಲ್ಲಿ ನಿಂತು ಕೇಳಬೇಕು.

ಷೇರಿನ ಬೆಲೆಯನ್ನೂ ಲಾಭದಿಂದಲೇ ತೂಗುತ್ತಾರೆ. ಷೇರೊಂದಕ್ಕೆ ವರ್ಷದ ಲಾಭ 10 ರೂಪಾಯಿ, ಬೆಲೆ 100 ರೂಪಾಯಿ ಎಂದರೆ, ಹತ್ತು ವರ್ಷದ ಲಾಭವನ್ನು ನೀವು ಮುಂಗಡ ಕೊಟ್ಟಂತೆ. ಆ ಹತ್ತು ರೂಪಾಯಿಯೇ ಸುಳ್ಳಾದರೆ?

ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಕಂಪನಿಯಲ್ಲಿ ಆದದ್ದು ಇದೇ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗರಾಜು ತಾವೇ ಪತ್ರ ಬರೆದು ಒಪ್ಪಿಕೊಂಡರು. ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕಿನ ಶಿಲ್ಕು 5,361 ಕೋಟಿ ರೂಪಾಯಿ. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. 2008ರ ಸೆಪ್ಟೆಂಬರಿಗೆ ಮುಗಿದ ಮೂರು ತಿಂಗಳ ವಹಿವಾಟಿನ ಲಾಭ 649 ಕೋಟಿ ಎಂದು ಬರೆದಿತ್ತು; ನಿಜವಾದದ್ದು 61 ಕೋಟಿ. ಈ ಲೆಕ್ಕದಲ್ಲಿ ಹತ್ತು ವರ್ಷದ ಲಾಭ ಕೊಟ್ಟೆನೆಂದುಕೊಂಡವನು ನೂರು ವರ್ಷದ್ದು ಕೊಟ್ಟಿದ್ದ! ಲೆಕ್ಕಪರಿಶೋಧಕರ ರುಜು ಮಾತ್ರ ಕ್ರಮವಾಗಿ ಬಿದ್ದಿತ್ತು.

ನಗದೇ ಸುಳ್ಳಾದಾಗ ಪಟ್ಟಿಗಳನ್ನು ತಾಳೆ ನೋಡಿದರೂ ಕಳ್ಳ ಸುಲಭವಾಗಿ ಸಿಕ್ಕುವುದಿಲ್ಲ. ಹಾಗಾದರೆ ಗುಟ್ಟು ಒಡೆದದ್ದು ಹೇಗೆ? 2008ರ ಡಿಸೆಂಬರ್ 16ರಂದು ಸತ್ಯಂ ಕಂಪನಿಯು ರಾಜು ಕುಟುಂಬಕ್ಕೆ ಸೇರಿದ ಎರಡು ಮೇಟಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳುವುದಾಗಿ ಸಾರಿತು. ನಮ್ಮ ಹಣದಿಂದ ನಿಮ್ಮ ಮನೆಯ ಆಸ್ತಿ ಏಕೆ ಎಂದು ಷೇರುದಾರರು ಎದ್ದು ನಿಂತರು. ಕೆಲವೇ ಗಂಟೆಗಳಲ್ಲಿ ವ್ಯವಹಾರ ಮುರಿಯಿತು. ಸುಳ್ಳು ಆಸ್ತಿಯ ಜಾಗದಲ್ಲಿ ನಿಜ ಆಸ್ತಿ ತುಂಬುವ ಕೊನೆಯ ಪ್ರಯತ್ನ ಅದಾಗಿತ್ತೆಂದು ರಾಜು ಅದೇ ಪತ್ರದಲ್ಲಿ ಬರೆದರು. ಪರಿಶೋಧಕರ ರುಜು ಮಾಡದ ಕೆಲಸವನ್ನು ಒಂದು ಪ್ರಶ್ನೆ ಮಾಡಿತು.

ದಂಡ ತೆತ್ತವರು ಯಾರು? ಪತ್ರ ಹೊರಬಿದ್ದ ದಿನವೇ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. ಸುಮಾರು 50 ಸಾವಿರ ನೌಕರರು ಮುಂದಿನ ಸಂಬಳ ಬರುವುದೋ ಇಲ್ಲವೋ ಎಂದು ಕಂಗಾಲಾದರು.

ಷೇರುಪೇಟೆಯಲ್ಲಿರುವ ಕಂಪನಿಯ ವಾರ್ಷಿಕ ವರದಿ ಯಾರಿಗಾದರೂ ಸಿಕ್ಕುತ್ತದೆ. ಸಂಘದ ಕಚೇರಿಗೆ ತರಿಸಿ, ಓದುಬಲ್ಲ ಹುಡುಗರಿಂದ ಓದಿಸಿ. ನಗದು ಎಲ್ಲಿದೆ? ಬಾಕಿ ಯಾರದು? ಮಾಲೀಕರ ಮನೆಯವರೊಡನೆ ಏನು ವ್ಯವಹಾರ? ಈ ಮೂರನ್ನು ಕೇಳಿ. ಗಲ್ಲಾ ಎಣಿಸದೆ ನೀವು ಅಂಗಡಿಯ ಕದ ಹಾಕುವುದಿಲ್ಲ. ಆ ಅಭ್ಯಾಸವನ್ನು ದೊಡ್ಡವರ ಬಾಗಿಲಿಗೂ ಒಯ್ಯಿರಿ.