ಪ್ರತಿಭೆ ಅಂಕಪಟ್ಟಿಯಲ್ಲಷ್ಟೇ ಇಲ್ಲ
(ಅಂಬಲಪಾಡಿಯಲ್ಲಿ ಮಾಡಿದ ಭಾಷಣ)



ಮನೆಯಲ್ಲಿ ಬ್ಯಾರಿಯನ್ನೋ ಉರ್ದುವನ್ನೋ ಆಡುವ ಮಗು ಕನ್ನಡ ಪ್ರಬಂಧ ಬರೆಯುವಾಗ ತಡವರಿಸಬಹುದು. ಅದೇ ಮಗು ಅಂಗಡಿಯ ಲೆಕ್ಕವನ್ನು ಬಾಯಲ್ಲೇ ಹೇಳುತ್ತದೆ. ಪಾಠದ ನಡುವೆ ‘ಯಾಕೆ’ ಎಂದು ಕೇಳಿ ಬೈಸಿಕೊಳ್ಳುವುದೂ ಅದೇ! ಅಧ್ಯಾಪಕರು ಆ ಹೆಸರನ್ನು ಬರೆದಿಟ್ಟುಕೊಳ್ಳಬೇಕು.

ಬಡ ಪ್ರತಿಭಾವಂತರಿಗಾಗಿ ಕೇಂದ್ರ ಸರಕಾರ 2008ರಲ್ಲಿ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಆರಂಭಿಸಿತು. ಪರೀಕ್ಷೆ ಸರಕಾರಿ, ಅನುದಾನಿತ ಶಾಲೆಗಳ ಎಂಟನೇ ತರಗತಿಯವರಿಗೆ. ಒಂದು ಪತ್ರಿಕೆ ಪಾಠಗಳದ್ದಾದರೆ ಇನ್ನೊಂದು ಪೂರ್ತಿ ಬುದ್ಧಿಶಕ್ತಿಯದ್ದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಎಂಟನೆಯದು ದಾಟಿದರೆ ಈ ಅವಕಾಶ ಮತ್ತೆ ಇಲ್ಲ. ಎಷ್ಟೋ ತಂದೆತಾಯಿಗೆ ವಿಷಯ ತಿಳಿಯುವುದೇ ಆಮೇಲೆ.

ಸದಸ್ಯರೇ, ಸನ್ಮಾನದ ಶಾಲು ಆಮೇಲೆ ತರೋಣ. ಮೊದಲು ಹತ್ತಿರದ ಶಾಲೆಗೆ ಹೋಗಿ, ಅರ್ಹ ಮಕ್ಕಳ ಆದಾಯ ಪ್ರಮಾಣಪತ್ರ ಮಾಡಿಸಿಕೊಡಿ, ಭಾನುವಾರ ಜತೆಗೆ ಕುಳಿತು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ.