ಲೆಕ್ಕದ ಡೋಸ್, ಅಳತೆಯ ಡೋಸ್

ಗರ್ಭಕಂಠದ ಕ್ಯಾನ್ಸರಿಗೆ ಬ್ರೇಕಿಥೆರಪಿ ಕೊಡುವಾಗ ವಿಕಿರಣದ ಮೂಲವನ್ನೇ ಗಡ್ಡೆಯ ಮಗ್ಗುಲಿಗೆ ಒಯ್ಯುತ್ತಾರೆ. ತೆಳು ತಂತಿಯ ತುದಿಗೆ ಬೆಸೆದ ಇರಿಡಿಯಂ-192, ಅಕ್ಕಿಕಾಳಿಗಿಂತ ಚಿಕ್ಕದು, ನಳಿಗೆಯೊಳಗೆ ಹರಿದು, ಗೊತ್ತುಪಡಿಸಿದ ಜಾಗಗಳಲ್ಲಿ ಒಂದಿಷ್ಟು ಸೆಕೆಂಡು ನಿಂತು ಮರಳುತ್ತದೆ. ಗಡ್ಡೆಗೆ ಎಷ್ಟು ಗ್ರೇ (ಡೋಸಿನ ಏಕಮಾನ), ಹಿಂದಿನ ಗುದನಾಳಕ್ಕೆ ಎಷ್ಟು, ಮುಂದಿನ ಮೂತ್ರಕೋಶಕ್ಕೆ ಎಷ್ಟು ಎಂಬುದನ್ನು ಕಂಪ್ಯೂಟರ್ ಮೊದಲೇ ಲೆಕ್ಕ ಹಾಕಿರುತ್ತದೆ. ಕಡತಕ್ಕೆ ಹೋಗುವುದು ಆ ಅಂಕಿಯೇ. ಮೈಯೊಳಗೆ ನಿಜಕ್ಕೂ ಅಷ್ಟೇ ಬಿತ್ತೇ ಎಂದು ಅಳೆದು ನೋಡುವುದು ಅಪರೂಪ. ಆ ಅಳತೆ ವಾಡಿಕೆಯಾಗಬೇಕು ಎಂಬುದು ನನ್ನ ವಾದ.

ಲೆಕ್ಕ ದುರ್ಬಲವೆಂದು ನಾನು ಹೇಳುತ್ತಿಲ್ಲ. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 1995ರಲ್ಲಿ ಪ್ರಕಟಿಸಿದ, ಡೋಸ್ ಲೆಕ್ಕದ ಟಿಜಿ-43 ಸೂತ್ರ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಇರಿಡಿಯಂನ ಶಕ್ತಿ ಸುಮಾರು 74 ದಿನಕ್ಕೆ ಅರ್ಧವಾಗುತ್ತದೆ, ಅಂದರೆ ದಿನಕ್ಕೆ ಹತ್ತಿರಹತ್ತಿರ ಶೇ. 1ರಷ್ಟು ಇಳಿಯುತ್ತದೆ, ಹೊಸ ಮೂಲ ಬಂದಾಗಲೆಲ್ಲ ಬಾವಿಯಾಕಾರದ ಅಯಾನೀಕರಣ ಕೋಶದಲ್ಲಿಟ್ಟು ಅದರ ಶಕ್ತಿಯನ್ನು ಅಳೆಯುತ್ತಾರೆ. ಇಷ್ಟೆಲ್ಲ ನಿಖರತೆಯೂ ಒಂದು ನಂಬಿಕೆಯ ಮೇಲೆ ನಿಂತಿದೆ: ಮೂಲ ನಾವಂದುಕೊಂಡಲ್ಲೇ ಇದೆ, ಅಂಗಗಳೂ ಚಿತ್ರ ತೆಗೆದಾಗ ಇದ್ದಲ್ಲೇ ಇವೆ. ಡೋಸ್ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುವುದರಿಂದ, ಮೂಲದಿಂದ 10 ಮಿ.ಮೀ. ದೂರದ ಅಂಗ 1 ಮಿ.ಮೀ. ಹತ್ತಿರ ಸರಿದರೆ ಡೋಸ್ ಶೇ. 23ರಷ್ಟು ಏರುತ್ತದೆ. ಚಿತ್ರ ತೆಗೆದ ಮೇಲೆ ಚಿಕಿತ್ಸೆ ಶುರುವಾಗುವ ಹೊತ್ತಿಗೆ ಗುದನಾಳದಲ್ಲಿ ಗಾಳಿ ತುಂಬಿದರೆ, ಮೂತ್ರಕೋಶ ಉಬ್ಬಿದರೆ ಅಷ್ಟು ಸರಿಯುವುದು ದೊಡ್ಡ ಮಾತಲ್ಲ.

ಮೂಲ ಅಂದುಕೊಂಡಲ್ಲಿ ಇಲ್ಲದಿರುವುದೂ ಉಂಟು. 1992ರ ನವೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಇಂಡಿಯಾನಾ ಊರಿನಲ್ಲಿ ಇರಿಡಿಯಂ ಮೂಲ ತಂತಿಯಿಂದ ಮುರಿದು ರೋಗಿಯ ಮೈಯಲ್ಲೇ ಉಳಿಯಿತು. ಕೋಣೆಯ ವಿಕಿರಣ ಎಚ್ಚರಿಕೆ ಸಾಧನ ಅಪಾಯ ಸೂಚಿಸಿತ್ತು. ಯಂತ್ರದ ಫಲಕ ಮೂಲ ಒಳಗೆ ಮರಳಿದೆ ಎಂದು ತೋರಿಸುತ್ತಿದ್ದುದರಿಂದ ಎಚ್ಚರಿಕೆ ಸಾಧನವೇ ಕೆಟ್ಟಿದೆ ಎಂದುಕೊಂಡರು. ಕೈಮಾಪಕ ಹಿಡಿದು ಯಾರೂ ನೋಡಲಿಲ್ಲ. ಕೆಲವೇ ದಿನಗಳಲ್ಲಿ ರೋಗಿ ತೀರಿಕೊಂಡರು. ಚಿಕಿತ್ಸೆಯ ನಂತರ ಕೈಮಾಪಕದಿಂದ ಪರೀಕ್ಷಿಸಿದರೆ ಇಂಥದ್ದು ತಪ್ಪುತ್ತದೆ, ಮೈಯೊಳಗೆ ಅಳೆಯುವುದೇಕೆ ಎಂದು ಕೇಳಬಹುದು. ಆದರೆ ನಳಿಗೆಗಳು ಅದಲುಬದಲಾದರೂ, ಉದ್ದ ತಪ್ಪಾಗಿ ನಮೂದಾದರೂ ಮೂಲ ಕೊನೆಗೆ ಯಂತ್ರದೊಳಕ್ಕೇ ಮರಳುತ್ತದೆ. ಆಗ ಯಾವ ಎಚ್ಚರಿಕೆಯೂ ಬರುವುದಿಲ್ಲ. ತಪ್ಪು ಜಾಗಕ್ಕೆ ಬಿದ್ದ ಡೋಸ್ ಅಲ್ಲೇ ಉಳಿಯುತ್ತದೆ. ಅದನ್ನು ಹಿಡಿಯಬೇಕಾದರೆ ಮಾಪಕ ಮೈಯೊಳಗೇ ಇರಬೇಕು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಗುದನಾಳದಲ್ಲಿಟ್ಟ ಡಯೋಡ್ ಮಾಪಕ ಕೂಡ ಒಂದೆರಡು ಮಿ.ಮೀ. ಸರಿದಿರಬಹುದು, ಹಾಗಿರುವಾಗ ವ್ಯತ್ಯಾಸ ಡೋಸಿನದೋ ಡಯೋಡಿನದೋ ತಿಳಿಯುವುದು ಹೇಗೆ? ಸಣ್ಣ ವ್ಯತ್ಯಾಸದ ಮಟ್ಟಿಗೆ ಇದನ್ನು ಒಪ್ಪಲೇಬೇಕು. ಆದರೆ ನಳಿಗೆ ಅದಲುಬದಲಾದಾಗ ಮೂಲ ಸರಿಯುವುದು ಸೆಂಟಿಮೀಟರುಗಳ ಲೆಕ್ಕದಲ್ಲಿ. ಅದನ್ನು ಒರಟು ಅಳತೆಯೂ ತೋರಿಸಿಕೊಡುತ್ತದೆ. ಪ್ಲಾಸ್ಟಿಕ್ ಸಿಂಟಿಲೇಟರಿನಂಥ ಮಾಪಕ ಕ್ಷಣಕ್ಷಣದ ಓದು ಕೊಡುವುದರಿಂದ, ಮೂಲ ನಿಂತ ಒಂದೊಂದು ಜಾಗದ ಓದನ್ನೂ ಹೋಲಿಸಿ ಮಾಪಕ ಎಲ್ಲಿದೆ ಎಂದು ಕಂಡುಹಿಡಿಯಬಹುದು. ರೋಗಿಗಳು ಸಾಲುಗಟ್ಟಿರುವ ಆಸ್ಪತ್ರೆಯಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂಬುದು ಇನ್ನೊಂದು ಮಾತು. ಅವಸರ ಹೆಚ್ಚಿದಂತೆ ನಳಿಗೆ ತಪ್ಪುವ ಸಂಭವವೂ ಹೆಚ್ಚುವುದರಿಂದ ಅಳತೆ ಮೊದಲು ಬೇಕಾದದ್ದು ಅಂಥ ಕಡೆಯಲ್ಲೇ. ಓದು ಯಾವ ಮಿತಿ ದಾಟಿದರೆ ಚಿಕಿತ್ಸೆಯನ್ನು ಆ ಕ್ಷಣವೇ ನಿಲ್ಲಿಸಬೇಕು, ನಿಲ್ಲಿಸುವ ಅಧಿಕಾರ ಯಾರದು ಎಂಬುದನ್ನು ಮೊದಲ ರೋಗಿ ಬರುವ ಮುಂಚೆಯೇ ಬರೆದಿಟ್ಟುಕೊಳ್ಳಬೇಕು.